ಕೆಳಗಿನ ಸಾಲಿನ ಕಡೆಯ ಸೀಸೆ

೫ ಬಹಮನ್, ಫಸಲಿ ೧೩೫೨ (ಡಿಸೆಂಬರ್ ೧೯೪೨)
ನಾರಾಯಣಪೇಟೆ

ಬಂದು ಮುಟ್ಟಿದೆ. ಗದ್ವಾಲಿನಿಂದ ಹೊರಟು, ಹರಿಗೋಲಿನಲ್ಲಿ ಕೃಷ್ಣೆ ದಾಟಿ, ಮಕ್ತಲ್‌ನಲ್ಲಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮೇಕೆಯೊಂದು ನನ್ನ ಪಕ್ಕದಲ್ಲೇ ಕುಳಿತಿತ್ತು. ನನಗಿಂತ ಅದಕ್ಕೇ ಹೆಚ್ಚು ಜಾಗ ಸಿಕ್ಕಿತ್ತು. ಬೆಳಿಗ್ಗೆ ಬೆಳ್ಳಗಿದ್ದ ಸೀರೆ ಇಳಿಯುವಾಗ ಕೆಮ್ಮಣ್ಣಾಗಿತ್ತು. ಟ್ರಂಕಿನಲ್ಲಿದ್ದ ನರ್ಸಿಂಗ್ ಸನದು ಮಾತ್ರ ಕ್ಷೇಮ.

ಆ ಸನದಿಗಾಗಿ ಹೈದರಾಬಾದಿನಲ್ಲಿ ಮೂರು ವರ್ಷ ಕಳೆದಿದ್ದೇನೆ. ಹದಿಮೂರಕ್ಕೆ ಮದುವೆ, ಹದಿನಾಲ್ಕಕ್ಕೆ ಎಲ್ಲ ಮುಗಿದು ಮೂಲೆಯಲ್ಲಿ ಕೂರಬೇಕಾಗಿದ್ದವಳು ನಾನು. ಅಣ್ಣ ಸುಧೀಂದ್ರ ಮನೆಯವರೆಲ್ಲರ ಕೂಡ ಜಗಳಾಡಿ ನನ್ನನ್ನು ಓದಿಸಿದ. ಈಗ ನರ್ಸುಗಳ ಸರಕಾರಿ ಪಟ್ಟಿಯಲ್ಲಿ ಕಾಶೀಬಾಯಿ ಎಂಬ ಹೆಸರಿದೆ. ಜಗತ್ತಿನಲ್ಲಿ ನನ್ನದು ಅಂತ ಇರುವುದು ಆ ಒಂದು ಸಾಲು.

ದವಾಖಾನೆ ಚಿಕ್ಕದು. ವ್ಯಾಪಾರಿ ವೀರಯ್ಯ ಶೆಟ್ಟರು ತಮ್ಮ ತಾಯಿ ಶಿವಬಸಮ್ಮನ ಹೆಸರಿನಲ್ಲಿ ಹೆಂಗಸರಿಗಾಗಿ ಕಟ್ಟಿಸಿದ್ದಾರೆ. ಆರು ಮಂಚ, ಒಂದು ಹೆರಿಗೆ ಕೋಣೆ, ಒಂದು ಔಷಧಿ ಕಪಾಟು. ರಾಯಚೂರಿನಿಂದ ಡಾಕ್ಟರ್ ಪದ್ಮಾಬಾಯಿ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಉಳಿದ ದಿನಗಳಿಗೆ ಒಬ್ಬಳೇ ಯಜಮಾನಿ ನಾನು ಅಂದುಕೊಂಡು ಒಳಗೆ ಕಾಲಿಟ್ಟೆ.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಕುರುಮಮ್ಮ ಅಂತ, ಮಲ್ದಕಲ್ ಕಡೆಯವಳು.

"ನೀ ಏನು ಕೆಲಸ ಮಾಡ್ತಿ ಇಲ್ಲಿ?" ಎಂದೆ.

"ಎಲ್ಲಾ ಮಾಡ್ತೀನ್ರಿ ಬಾಯಾರ," ಎಂದಳು.

ಓದಿಲ್ಲ, ಪರೀಕ್ಷೆಯಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ನೋಡಿ ನೋಡಿ ಕಲಿತವಳಂತೆ. ಎಲ್ಲಾ ಮಾಡುತ್ತಾಳಂತೆ!

೬ ಬಹಮನ್

ಇವತ್ತು ನನಗೆ ಬಂದ ಸಿಟ್ಟನ್ನು ಈ ಪುಸ್ತಕಕ್ಕಲ್ಲದೆ ಇನ್ಯಾರಿಗೂ ಹೇಳುವಂತಿಲ್ಲ.

ಊರಿನವರು ಅವಳನ್ನು ನರ್ಸಮ್ಮ ಅಂತ ಕರೆಯುತ್ತಾರೆ. ನರ್ಸಮ್ಮ ನಾನು, ಅವಳು ಕೆಲಸದವಳು ಅಂತ ತಿಳಿಸಿ ಹೇಳಿದೆ. ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಹೊರಬಿತ್ತು: ಅವಳು ದೊಡ್ಡ ನರ್ಸಮ್ಮ, ನಾನು ಸಣ್ಣ ನರ್ಸಮ್ಮ.

ಮೂರು ವರ್ಷ ಓದಿದ್ದು ಸಣ್ಣ ನರ್ಸಮ್ಮ ಆಗಲಿಕ್ಕೆ!

೮ ಬಹಮನ್

ಔಷಧಿ ಕಪಾಟು ತೆರೆದು ನೋಡಿದರೆ ಸಂತೆ. ಭೇದಿ ಔಷಧಿಯ ಪಕ್ಕದಲ್ಲಿ ಹತ್ತಿ, ಹತ್ತಿಯ ಪಕ್ಕದಲ್ಲಿ ಕತ್ತರಿ, ಅದರ ಹಿಂದೆ ಅಯೊಡಿನ್ನು. ಇದಕ್ಕೆ ತಲೆಬುಡ ಏನಾದರೂ ಇದೆಯೇ ಅಂತ ಕುರುಮಮ್ಮನನ್ನು ಕೇಳಿದೆ.

"ಕೂಸು ಬಂದಾಗ ಯಾವ್ದು ಮೊದ್ಲು ಬೇಕೋ ಅದು ಮುಂದ ಐತ್ರಿ, ಆಮ್ಯಾಲ ಬೇಕಾಗೋದು ಹಿಂದ ಐತಿ," ಎಂದಳು.

ಇಂಥದ್ದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಎಲ್ಲವನ್ನೂ ಇಳಿಸಿ, ಒರೆಸಿ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದೆ. ಪ್ರತಿ ಸೀಸೆಗೂ ಇಂಗ್ಲಿಷ್, ಉರ್ದು, ಕನ್ನಡ ಮೂರರಲ್ಲೂ ಚೀಟಿ ಬರೆದು ಅಂಟಿಸಿದೆ. ಹೈದರಾಬಾದಿನಲ್ಲಿ ನಮಗೆ ಕಲಿಸಿದ ಸಿಸ್ಟರ್ ಇಲ್ಲಿದ್ದಿದ್ದರೆ ಕಣ್ತುಂಬ ನೋಡುತ್ತಿದ್ದರು.

"ಚೀಟಿ ಎಲ್ಲಾ ನೋಡಿದೇನು? ಗೊತ್ತಾತೇನು?"

"ಎಷ್ಟು ದುಂಡಗ ಬರದೀರಿ ಬಾಯಾರ! ರಂಗೋಲಿ ಹಾಕಿದಂಗ ಅದಾವು," ಎಂದಳು.

ಹೊಗಳಿಕೆ ಯಾರ ಬಾಯಿಂದ ಬಂದರೂ ಹೊಗಳಿಕೆಯೇ. ಸ್ವಲ್ಪ ಖುಷಿಯಾಯಿತು.

೯ ಬಹಮನ್

ಕುರುಮಮ್ಮನಿಗೆ ಇದ್ದಕ್ಕಿದ್ದಂತೆ ಧೂಳು ಒರೆಸುವ ಹುಚ್ಚು ಹತ್ತಿದೆ. ನಿನ್ನೆ ನಾನೇ ಒರೆಸಿದ ಕಪಾಟನ್ನು ಇವತ್ತು ಮತ್ತೆ ಒರೆಸಿದಳು. ಒಂದೊಂದೇ ಸೀಸೆ ಎತ್ತಿ ಹಿಡಿದು "ಇದು ಯಾವ್ದಕ್ರಿ ಬಾಯಾರ? ಇದು ಯಾವ್ದಕ್ರಿ?" ಎಂದು ಪ್ರಾಣ ತಿಂದಳು. ಹಡೆದ ಕೂಸಿನ ಕಣ್ಣಿಗೆ ಹಾಕುವ ಸಿಲ್ವರ್ ನೈಟ್ರೇಟ್ ಹನಿಯ ಕಂದು ಸೀಸೆ ಬಂದಾಗ ತಾನೇ ಹೇಳಿದಳು: "ಕಣ್ಣಿನ ಹನಿ ಅಲ್ರಿ? ಕೆಳಗಿನ ಸಾಲಿನಾಗ ಕಡೀದು."

ಹೌದು, ಅದೇ ಎಂದೆ. ಚೀಟಿ ಎದುರಿಗೇ ಇರುವಾಗ ನನ್ನನ್ನು ಯಾಕೆ ಕೇಳಬೇಕು? ಮಾತಾಡಲಿಕ್ಕೆ ಯಾರಾದರೂ ಬೇಕಾಗಿರಬೇಕು, ಪಾಪ.

೧೩ ಬಹಮನ್

ಉಪಕರಣಗಳನ್ನು ಎಷ್ಟು ಹೊತ್ತು ಕುದಿಸುತ್ತೀಯೆ ಎಂದು ಕೇಳಿದೆ. ಪಕ್ಕದ ಒಲೆಯ ಮೇಲೆ ಅಕ್ಕಿ ಇಟ್ಟು, ಅನ್ನವಾಗುವತನಕ ಅಂತ ಉತ್ತರ ಬಂತು. ನನಗೆ ನಗು ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಅಂತ ಇದೆ, ಗಡಿಯಾರ ಇರುವುದೇ ಅದಕ್ಕೆ ಎಂದೆ. ನನ್ನ ಕೈಗಡಿಯಾರ ಹಿಡಿದು ಅವಳ ಅನ್ನವನ್ನು ಅಳೆದೆ. ಇಪ್ಪತ್ತೊಂದು ನಿಮಿಷ.

ಅನ್ನವೂ ಚೆನ್ನಾಗಿತ್ತು. ಗದ್ವಾಲಿನಲ್ಲಿರುವ ಮಡಿಯ ಅಮ್ಮನಿಗೆ ನಾನು ಅದನ್ನು ಉಂಡ ವಿಷಯ ತಿಳಿಯಬಾರದು.

ಆದರೆ ಹೊಕ್ಕುಳಕ್ಕೆ ಅರಿಸಿನ ಎಣ್ಣೆ ಹಚ್ಚುವುದನ್ನು ಮಾತ್ರ ಕಡ್ಡಾಯವಾಗಿ ನಿಲ್ಲಿಸಿದ್ದೇನೆ. ಯಾಕೆ ಅಂತ ಕೇಳಿದಳು. ಹೇಳಿದೆ. "ಹಂಗಾರ ಬ್ಯಾಡ ಬಿಡ್ರಿ," ಎಂದು ಎಣ್ಣೆಯ ಬಟ್ಟಲನ್ನು ಎತ್ತಿಟ್ಟಳು. ವಾದ ಮಾಡಲು ನಾನು ಸಿದ್ಧಳಾಗಿ ಬಂದಿದ್ದೆ, ಎಲ್ಲ ವ್ಯರ್ಥವಾಯಿತು.

೧೭ ಬಹಮನ್

ಇವತ್ತು ನನ್ನ ದಿನ!

ಮಕ್ತಲ್‌ನಿಂದ ಹಂಪಮ್ಮ ಎಂಬ ಎಂಟು ತಿಂಗಳ ಬಸುರಿ ತಲೆನೋವು ಅಂತ ಬಂದಳು. ಕುರುಮಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕೂಸು ಚೆನ್ನಾಗಿದೆ, ತಲೆ ಕೆಳಗಿದೆ, ಇನ್ನೂ ಮೂರು ವಾರವಿದೆ ಎಂದಳು. ನಾನು ಕಾಲಿನ ಬಾವು ನೋಡಿದೆ. ಮೂತ್ರ ತರಿಸಿ ಗಾಜಿನ ನಳಿಗೆಯಲ್ಲಿ ಕಾಸಿದೆ. ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಯಿತು. ಹಾಗಾದರೆ ಫಿಟ್ಸ್ ಬರುವ ಭಯ. ಆಗಲೇ ಡಾಕ್ಟರರಿಗೆ ಚೀಟಿ ಬರೆದು, ಶೆಟ್ಟರ ಮೋಟಾರಿನಲ್ಲಿ ಅವಳನ್ನು ರಾಯಚೂರಿಗೆ ಕಳಿಸಿದೆ.

ಕುರುಮಮ್ಮ ಆ ನಳಿಗೆಯನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದಳು. "ಹೋದ ವರ್ಷ ಐಜ ಊರಾಕಿ ಒಬ್ಬಾಕಿ ಹಿಂಗಾ ತಲಿ ನೋವು ಅಂತ ಬಂದಿದ್ಲು. ಬೆಲ್ಲದ ಪಾನಕ ಕೊಟ್ಟು ಮಲಗಿಸಿದ್ದೆ ಬಾಯಾರ. ಆಕಿ ಏಳಲಿಲ್ಲ." ಅಷ್ಟು ಹೇಳಿ ನಳಿಗೆಯನ್ನು ತೊಳೆದಿಟ್ಟಳು.

ಸಂಜೆಯಷ್ಟರಲ್ಲಿ, ಸಣ್ಣ ನರ್ಸಮ್ಮ ಉಚ್ಚೆ ಕಾಸಿ ರೋಗ ಹೇಳುತ್ತಾಳೆ ಅಂತ ನೇಕಾರರ ಓಣಿಯಲ್ಲೆಲ್ಲ ಸುದ್ದಿ. ಡಂಗುರ ಹೊಡೆದದ್ದು ಕುರುಮಮ್ಮನೇ. ನಾಳೆಯಿಂದ ಊರಿನವರೆಲ್ಲ ತಂಬಿಗೆ ಹಿಡಿದು ಬರದಿದ್ದರೆ ಸಾಕು.

೨೨ ಬಹಮನ್

ಹಂಪಮ್ಮನಿಗೆ ರಾಯಚೂರಿನಲ್ಲಿ ಗಂಡು ಕೂಸು. ತಾಯಿ ಮಗು ಇಬ್ಬರೂ ಕ್ಷೇಮ.

ಕುರುಮಮ್ಮನವರ ಅಂಗೈ ಲೆಕ್ಕ ಕಲಿಯಲು ನೋಡುತ್ತಿದ್ದೇನೆ. ನೋವು ಬರುವ ಮುಂಚೆ ಹೊಟ್ಟೆ ಗಟ್ಟಿಯಾಗುವುದು ಅವರ ಕೈಗೆ ಮೊದಲು ಗೊತ್ತಾಗುತ್ತದೆ, ಹೆಣ್ಣಿಗೆ ಆಮೇಲೆ. ನನ್ನ ಕೈಗೆ ಇನ್ನೂ ಏನೂ ಗೊತ್ತಾಗುವುದಿಲ್ಲ. "ಒತ್ತಬ್ಯಾಡ್ರಿ, ಕೇಳ್ರಿ," ಎನ್ನುತ್ತಾರೆ. ಅಂಗೈಯಿಂದ ಕೇಳುವುದು ಹೇಗೋ!

ಹೈದರಾಬಾದಿನಿಂದ ಔಷಧಿಯ ಪೆಟ್ಟಿಗೆ ಬಂತು. ಡಾಕ್ಟರರು ಹೇಳಿ ತರಿಸಿದ ಸಿಲ್ವರ್ ನೈಟ್ರೇಟಿನ ಕಟುದ್ರಾವಣವೂ ಬಂದಿದೆ, ಹುಣ್ಣು ಸುಡಲಿಕ್ಕೆ. ಕಣ್ಣಿನ ಹನಿಗಿಂತ ಹತ್ತು ಪಟ್ಟು ತೀಕ್ಷ್ಣ. ಅದೇ ಅಳತೆಯ ಕಂದು ಸೀಸೆ. ಕ್ರಮದ ಪ್ರಕಾರ ಹನಿಯ ಸೀಸೆಯ ಆಚೆ, ಸಾಲಿನ ಕಟ್ಟಕಡೆಗೆ ಅದನ್ನು ಇಟ್ಟೆ. ಕಪಾಟು ಈಗ ಭರ್ತಿಯಾಗಿ ನೋಡಲು ಚೆಂದ.

೨೫ ಬಹಮನ್

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನೇಕಾರ ತಾಯಣ್ಣನ ಹೆಂಡತಿ ಬುಚ್ಚಮ್ಮನಿಗೆ ಬೆಳಿಗ್ಗೆ ಹತ್ತಕ್ಕೆ ಹೆರಿಗೆಯಾಯಿತು. ಎರಡು ಕೂಸು ಕಳೆದುಕೊಂಡ ಮೇಲೆ ಇದು ಮೂರನೆಯದು. ಹೆಣ್ಣು. ಕೂಸು ಬಂದ ಕೂಡಲೇ ತಾಯಿಗೆ ರಕ್ತ ಹೋಗತೊಡಗಿತು. ನಾನು ಹೊಟ್ಟೆಯನ್ನು ಹಿಡಿದು ತಿಕ್ಕುತ್ತ, ತಿರುಗಿಯೂ ನೋಡದೆ ಕೂಗಿದೆ: "ಕುರುಮಮ್ಮ, ಕೂಸಿನ ಕಣ್ಣಿಗೆ ಹನಿ ಹಾಕ್ರಿ!"

ರಕ್ತ ನಿಂತಿತು. ಅಷ್ಟರಲ್ಲಿ ಕೂಸು ಚೀರಿತು. ನನಗೆ ಎಲ್ಲ ಕೂಸುಗಳ ಅಳುವೂ ಒಂದೇ. ಕುರುಮಮ್ಮನವರಿಗೆ ಅಲ್ಲ. "ಈ ಅಳು ಬ್ಯಾರೆ ಐತ್ರಿ ಬಾಯಾರ!" ಎಂದವರೇ, ಗಾಯ ತೊಳೆಯಲು ಕಾಸಿ ಆರಿಸಿಟ್ಟಿದ್ದ ಉಪ್ಪುನೀರನ್ನು ಎತ್ತಿಕೊಂಡು ಕೂಸಿನ ಕಣ್ಣಿಗೆ ಸುರಿಯತೊಡಗಿದರು. ನಾನು ಸೀಸೆ ನೋಡಿದೆ. ಸಾಲಿನ ಕಡೆಯದು. ಕಟುದ್ರಾವಣ.

ಏನು ಮಾಡಬೇಕೆಂದು ಪುಸ್ತಕದಲ್ಲಿದೆ. ಪುಟದ ಬಲಗಡೆ ಇದೆ ಎನ್ನುವುದೂ ನೆನಪಿದೆ. ಏನಿದೆ ಎನ್ನುವುದು ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ. ಆಮೇಲೆ ತೆಗೆದು ನೋಡಿದೆ: ಕೂಡಲೇ ಉಪ್ಪುನೀರಿನಿಂದ ತೊಳೆಯಬೇಕು.

"ಚೀಟಿ ಓದಲಿಲ್ಲೇನು?" ಎಂದು ಚೀರಿದೆ.

"ಓದಾಕ ನನಗೆಲ್ಲಿ ಬರ್ತೈತ್ರಿ," ಎಂದರು, ನೀರು ಸುರಿಯುವುದನ್ನು ನಿಲ್ಲಿಸದೆ. "ಕೆಳಗಿನ ಸಾಲಿನಾಗ ಕಡೀದು ತಗೊಂಡೆ. ನೀವು ತೋರಿಸಿದ್ದಾ ಅದು."

ಮೂರು ಲಿಪಿಗಳಲ್ಲಿ ಬರೆದೆ. ಓದಲು ಬರುತ್ತದೆಯೇ ಅಂತ ಒಂದು ಸಲವೂ ಕೇಳಲಿಲ್ಲ.

೨೬ ಬಹಮನ್

ಕೂಸಿನ ರೆಪ್ಪೆಗಳು ಬಾತು ಮುಚ್ಚಿವೆ. ತೆರೆದು ನೋಡಲು ಆಗುವುದಿಲ್ಲ. ರಾಯಚೂರಿಗೆ ತಂತಿ ಕಳಿಸಿದೆ. ಡಾಕ್ಟರರು ಬೀದರಿಗೆ ಹೋಗಿದ್ದಾರೆ, ನಾಲ್ಕು ದಿನ ಆಗುತ್ತದಂತೆ.

ಗಂಟೆಗೊಮ್ಮೆ ತೊಳೆಯುತ್ತಿದ್ದೇವೆ. ನಾನು ಗಡಿಯಾರ ನೋಡುತ್ತೇನೆ, ಕುರುಮಮ್ಮನವರು ತೊಳೆಯುತ್ತಾರೆ.

೨೭ ಬಹಮನ್

ಹಾಗೆಯೇ ಇದೆ. ಊಟ ಸೇರಲಿಲ್ಲ.

೨೮ ಬಹಮನ್

ಶೆಟ್ಟರು ಬಂದಿದ್ದರು. ಕುರುಮಮ್ಮನವರು ತಾವೇ ಮುಂದೆ ಹೋಗಿ "ನನ್ನ ಕೈಲೆ ಆತ್ರಿ ಯಜಮಾನ್ರ," ಎಂದುಬಿಟ್ಟರು. ಬುಚ್ಚಮ್ಮನಿಗೂ ತಾಯಣ್ಣನಿಗೂ ಅದನ್ನೇ ಹೇಳಿದ್ದಾರೆ. ನಾನು ಹೊಸ ಸೀಸೆ ತಂದಿಟ್ಟ ಮಾತನ್ನು ಯಾರಿಗೂ ಹೇಳಿಲ್ಲ.

ಶೆಟ್ಟರು ನನ್ನ ಕಡೆ ತಿರುಗಿ, "ಕಲಿಯದವರ ಕೈಗೆ ಔಷಧ ಕೊಟ್ರ ಹಿಂಗಾ ಆಗೋದು. ಡಾಕ್ಟರಮ್ಮ ಬರಲಿ, ಈಕೀನ್ನ ತೆಗದು ಹಾಕೋಣು. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಪಟ್ಟಿಯಲ್ಲಿರುವ ಆ ಸಾಲು ಕಣ್ಣಮುಂದೆ ಬಂತು, ಗದ್ವಾಲಿನ ಮನೆಯ ಮೂಲೆಯೂ ಬಂತು.

ಅವರು ಹೋದ ಮೇಲೆ ಕುರುಮಮ್ಮನವರು ನನಗೆ ಮಜ್ಜಿಗೆ ತಂದುಕೊಟ್ಟರು. "ಎರಡು ದಿನ ಆತು, ಏನೂ ತಿಂದಿಲ್ಲ ನೀವು. ಕುಡೀರಿ." ಕುಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

೧ ಇಸ್ಫಂದಾರ್

ಡಾಕ್ಟರರು ಹನ್ನೊಂದಕ್ಕೆ ಬಂದರು, ಹಿಂದೆಯೇ ಶೆಟ್ಟರೂ ಬಂದರು. ಟೊಪ್ಪಿಗೆಯ ಧೂಳನ್ನೂ ಝಾಡಿಸದೆ ನೇರ ಕೂಸಿನ ಹತ್ತಿರ ಹೋದರು. ರೆಪ್ಪೆಗಳು ಬೆಳಗಿನಿಂದ ಸ್ವಲ್ಪ ಇಳಿದಿದ್ದವು. ಬೆರಳಿನಿಂದ ಬಿಡಿಸಿ ಟಾರ್ಚು ಬಿಟ್ಟು ನೋಡಿದರು. ಎಷ್ಟು ಹೊತ್ತು ನೋಡಿದರೋ. ಬುಚ್ಚಮ್ಮ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಟಾರ್ಚು ಪಕ್ಕಕ್ಕೆ ಸರಿದಾಗ ಕೂಸು ತಲೆಯನ್ನೂ ಅದರ ಕಡೆ ಹೊರಳಿಸಿತು.

"ಕಣ್ಣು ಸ್ವಚ್ಛ ಅದ," ಎಂದರು ಡಾಕ್ಟರರು. "ಏನೂ ಆಗಿಲ್ಲ. ಯಾರು ತೊಳೆದ್ರು ಇದನ್ನ? ಒಂದು ನಿಮಿಷ ತಡ ಆಗಿದ್ರ ಕೂಸು ಕುರುಡಾಗತಿತ್ತು."

ಬುಚ್ಚಮ್ಮ ಅಳತೊಡಗಿದಳು. ಶೆಟ್ಟರು ಗಂಟಲು ಸರಿಮಾಡಿಕೊಂಡು, ತೊಳೆದವಳೂ ಈಕೆಯೇ, ತಪ್ಪು ಔಷಧಿ ಹಾಕಿದವಳೂ ಈಕೆಯೇ, ಇವತ್ತೇ ಕಳಿಸಿಬಿಡುತ್ತೇವೆ ಎಂದರು. ಡಾಕ್ಟರರು ಕಪಾಟಿನಿಂದ ಒಂದು ಸೀಸೆ ತೆಗೆದು ಕುರುಮಮ್ಮನವರ ಮುಂದೆ ಹಿಡಿದರು.

"ಇದೇನು? ಓದಿ ಹೇಳ್ರಿ."

ಕುರುಮಮ್ಮನವರು ನೆಲ ನೋಡಿದರು. ಇಷ್ಟು ದಿನದಲ್ಲಿ ಅವರು ತಲೆ ತಗ್ಗಿಸಿದ್ದನ್ನು ನೋಡಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ.

"ಅವರಿಗೆ ಓದಲಿಕ್ಕೆ ಬರೂದಿಲ್ಲ. ನಾ ಕೇಳೇ ಇಲ್ಲ," ಎಂದೆ. "ಕಡೀ ಸೀಸೆ ಕಣ್ಣಿಂದು ಅಂತ ತೋರಿಸಿದಾಕಿ ನಾನು. ಅದರ ಆಚೆ ಇನ್ನೊಂದು ತಂದಿಟ್ಟು ಹೇಳದಽ ಇದ್ದಾಕಿನೂ ನಾನು. ಹನಿ ಹಾಕ್ರಿ ಅಂತ, ಸೀಸೆ ನೋಡದಽ ಕೂಗಿದಾಕಿನೂ ನಾನು. ಕೈ ಅಷ್ಟೇ ಅವರದು."

ಡಾಕ್ಟರರು ಕುರ್ಚಿಯ ಮೇಲೆ ಕುಳಿತರು.

"ಕಾಶೀಬಾಯಿ, ಆಕೀ ಹೆಸರು ಯಾವ ಪಟ್ಟಿಯೊಳಗೂ ಇಲ್ಲ. ತೆಗೀಬೇಕಂದ್ರ ಶೆಟ್ಟರ ಒಂದು ಮಾತು ಸಾಕು. ನಿಮ್ಮ ಹೆಸರು ಅದ. ಜವಾಬು ಕೊಡೂದು ಹೆಸರು ಇದ್ದವರು. ಸನದು ಅಂದ್ರ ಅಷ್ಟೇ, ತಿಳೀತೇನು? ಹೇಳಿದ್ದನ್ನೆಲ್ಲಾ ಬರೀರಿ, ಸಹಿ ಮಾಡ್ರಿ. ಹೈದರಾಬಾದಿಗೆ ಹೋಗ್ತದ. ಈ ಸಲ ತಾಕೀತು ಬರ್ತದ. ಇನ್ನೊಂದು ದೂರು ಹೋದ್ರ ಪಟ್ಟಿಯಿಂದ ಹೆಸರು ಹೊಡೀತಾರ."

ಇಲ್ಲಿಂದ ಮುಂದೆ ಯಾವ ಔಷಧಿಯನ್ನೇ ಆಗಲಿ ನಾನು ಗಟ್ಟಿಯಾಗಿ ಓದಿ ಹೇಳಬೇಕು, ಕುರುಮಮ್ಮನವರು ಅದನ್ನು ತಿರುಗಿ ಹೇಳಬೇಕು, ಆಮೇಲೆಯೇ ಮುಟ್ಟಬೇಕು ಎಂದು ಕಟ್ಟುಮಾಡಿದರು. ಕುರುಮಮ್ಮನವರ ಕೆಲಸ ಉಳಿಯಿತು.

ಬರೆದೆ. ಸಹಿ ಮಾಡಿದೆ. ಭಯವಾಯಿತು. ಆದರೆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

೨ ಇಸ್ಫಂದಾರ್

ಕಾಗದವನ್ನು ಅಂಚೆಗೆ ಹಾಕುವ ಮೊದಲು ಕುರುಮಮ್ಮನವರು ಬಂದು ಪಕ್ಕದಲ್ಲಿ ಕುಳಿತರು.

"ಏನ್ ಬರದೀರಿ, ಓದ್ರಿ ನೋಡೋಣು."

ಓದಿದೆ. ಇನ್ನೊಂದು ಸಲ ಓದಿಸಿಕೊಂಡರು.

"ನನ್ನ ಹೆಸರು ಎಲ್ಲೈತ್ರಿ ಅದ್ರಾಗ?"

ಬೆರಳಿಟ್ಟು ತೋರಿಸಿದೆ. ಕಾಗದಕ್ಕೆ ಮುಖ ಹತ್ತಿರ ತಂದು ನೋಡಿದರು.

"ಇಷ್ಟಾ ಏನ್ರಿ?"

"ನಾಲ್ಕಽ ಅಕ್ಷರ ಅದ."

"ಹನ್ನೊಂದು ವರ್ಷ ಆತು ಇಲ್ಲಿಗೆ ಬಂದು," ಎಂದರು ನಗುತ್ತ. "ಬಾಕಿ ಎಲ್ಲೆಲ್ಲಿ ಬರದಾರ, ತೋರಿಸ್ರಿ. ನೋಡಬೇಕು ಅನ್ನಿಸೈತಿ."

ಹೆರಿಗೆಯ ರಿಜಿಸ್ಟರುಗಳನ್ನು ಇಳಿಸಿದೆ. ತಾಯಿಯ ಹೆಸರು, ಕೂಸು, ತೂಕ, ಕೊನೆಗೆ "ಹೆರಿಗೆ ಮಾಡಿಸಿದವರು" ಎಂಬ ಅಂಕಣ. ಬಂದು ಹೋದ ಐದು ನರ್ಸುಗಳ ಹೆಸರುಗಳಿವೆ. ನರ್ಸು ಇಲ್ಲದ ತಿಂಗಳುಗಳಲ್ಲಿ ಆ ಜಾಗದಲ್ಲಿ ಒಂದು ಗೀಟು ಎಳೆದಿದ್ದಾರೆ. ಪುಟ ತಿರುವಿದಂತೆಲ್ಲ ಗೀಟು, ಗೀಟು, ಗೀಟು. ಸನದು ಇಲ್ಲದವರ ಹೆಸರು ಅಲ್ಲಿ ಬರೆಯಬಾರದು ಅಂತ ನಿಯಮ.

"ಎಲ್ಲೈತ್ರಿ?" ಎಂದು ಮತ್ತೆ ಕೇಳಿದರು.

ಈ ಗೀಟೆಲ್ಲ ನೀವೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಹುಡುಕಿ ತೋರಿಸುತ್ತೇನೆ ಎಂದು ಪುಸ್ತಕ ಮುಚ್ಚಿಬಿಟ್ಟೆ. ಒಳಗೆ ಹೋಗಿ ಅತ್ತೆ.

೬ ಇಸ್ಫಂದಾರ್

ಇವತ್ತು ಮಧ್ಯಾಹ್ನ ಮಾನೋಪಾಡಿನ ಅನ್ನಮ್ಮನಿಗೆ ಗಂಡು ಕೂಸು. ತವರಿಗೆ ಅಂತ ಇಲ್ಲಿಗೆ ಬಂದಿದ್ದಳು. ಕೂಸು ಕಾಲು ಮುಂದಾಗಿ ಬರುತ್ತಿತ್ತು. ಪುಸ್ತಕದಲ್ಲಿ ಅದರ ಚಿತ್ರವಿದೆ, ಕುರುಮಮ್ಮನವರ ಕೈಯಲ್ಲಿ ಅದರ ಅಭ್ಯಾಸವಿದೆ. ನಾನು ತಾಯಿಯ ತಲೆಯ ಹತ್ತಿರ ನಿಂತು ನಾಡಿ ನೋಡಿದೆ, ಬಟ್ಟೆ ಕೊಟ್ಟೆ, ಬಿಸಿನೀರು ಕೊಟ್ಟೆ. "ಅವಸರ ಮಾಡಬ್ಯಾಡ್ರಿ ಬಾಯಾರ, ಅದಾ ಬರ್ತೈತಿ," ಎಂದರು. ಅದೇ ಬಂತು. ಕಣ್ಣಿನ ಹನಿಯ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ, ಅವರು ಅಷ್ಟೇ ಗಟ್ಟಿಯಾಗಿ ತಿರುಗಿ ಹೇಳಿದರು. ಓಣಿಯವರಿಗೆಲ್ಲ ಕೇಳಿಸಿರಬೇಕು.

ಎಲ್ಲ ಮುಗಿದ ಮೇಲೆ ರಿಜಿಸ್ಟರು ತೆಗೆದೆ. ತಾಯಿಯ ಹೆಸರು ಬರೆದೆ, ಕೂಸಿನ ತೂಕ ಬರೆದೆ. ಕೊನೆಯ ಅಂಕಣಕ್ಕೆ ಬಂದಾಗ ಡಾಕ್ಟರರ ಮಾತು ನೆನಪಾಯಿತು, ಇನ್ನೊಂದು ದೂರು ಹೋದರೆ ಹೆಸರು ಹೊಡೆಯುತ್ತಾರೆ ಅಂತ. ಲೇಖನಿಯನ್ನು ಮಸಿಯಲ್ಲಿ ಅದ್ದಿಕೊಂಡೆ.

ಆಮೇಲೆ ಕುರುಮಮ್ಮನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವರು ನೋಡುತ್ತಿದ್ದಂತೆ, ದುಂಡಗೆ ಬರೆದೆ: ಹೆರಿಗೆ ಮಾಡಿಸಿದವರು, ಕುರುಮಮ್ಮ. ಅದರ ಕೆಳಗೆ ನನ್ನ ಸಹಿ ಹಾಕಿದೆ.